ಲಗ್ನಪತ್ರಿಕೆಯ ಸಂಚಿಗಳು

ಲಗ್ನಪತ್ರಿಕೆಯನ್ನು ಕಸಕ್ಕೆ ಹಾಕಬಾರದು. ಮೂಲೆಯಲ್ಲಿ ಅರಿಶಿನ, ಮೇಲೆ ದೇವರು. ಹಾಗಂತ ಎಷ್ಟು ವರ್ಷ ಕೂಡಿಡುವುದು? ತೆಲುಗರ ನಡುವೆ ತಾರ್ನಾಕದಲ್ಲಿದ್ದ ಸುಂದರಾಬಾಯಿ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಹಳೆಯ ಪತ್ರಿಕೆ ಮಡಚಿ, ಗೋಂದು ಹಚ್ಚಿ, ಸೀರೆಯಂಚಿನ ಚೂರು, ಕುಪ್ಪಸದ ಬಟ್ಟೆಯ ತುಣುಕು ಅಂಟಿಸಿ ತಾಂಬೂಲ ಕೊಡುವ ಸಂಚಿ ಮಾಡುತ್ತಿದ್ದರು. ಒಂದೇ ನೇಮ: ವಧೂವರರ ಹೆಸರುಗಳ ನಡುವೆ ಕತ್ತರಿ ಆಡಿಸುವಂತಿಲ್ಲ. ಜೋಡಿ ಹೆಸರು ಇಡಿಯಾಗಿ ಸಂಚಿಯ ಒಳಮೈಗೆ ಹೋಗಬೇಕು.

ಪಕ್ಕದ ಮನೆಯ ತೆಲುಗಿನ ನಲಿನಿಯ ಮಗ ಲಿಂಗಂಪಲ್ಲಿಯಲ್ಲಿ ಫ್ಲಾಟು ಕೊಂಡ. ಆಗ ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕವರೆಲ್ಲ ಕೊಳ್ಳುತ್ತಿದ್ದರು ಬಿಡಿ. ಗೃಹಪ್ರವೇಶಕ್ಕೆ ಅರವತ್ತು ಸಂಚಿ ಬೇಕೆಂದಳು ನಲಿನಿ. ಸುಂದರಾಬಾಯಿ ಪೆಟ್ಟಿಗೆ ತಡಕಿದರೆ ಪತ್ರಿಕೆ ಇಪ್ಪತ್ತೂ ಇಲ್ಲ. ಗಲ್ಲಿಯೆಲ್ಲ ಕೇಳಿ ಬಂದರು, ಸಾಲಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ! ಮಗಳು ಭಕ್ತಿಯ ಮದುವೆಯಲ್ಲಿ ಉಳಿದ ಕಟ್ಟು ಮಂಚದ ಕೆಳಗೇ ಇತ್ತು. ದಪ್ಪ ಕಾಗದ, ಹೊಂಬಣ್ಣ.

ಭಕ್ತಿ ಗಂಡ ನಚಿಕೇತನನ್ನು ಬಿಟ್ಟು ಬಂದು ಎಂಟು ತಿಂಗಳಾಗಿತ್ತು. ಅವನು ಕೈ ಎತ್ತಿದ್ದ, ಒಂದು ಸಲವಲ್ಲ. ಅವಳು ತಾಯಿಯನ್ನು ಕೇಳಿದ್ದು ಇಷ್ಟೇ: "ಸೋಮವಾರ ಕೋರ್ಟಿಗೆ ನನ್ನ ಜೋಡಿ ಬಾರಮ್ಮ. ಒಬ್ಬಾಕಿನ ನಿಂದ್ರಲಿಕ್ಕೆ ಆಗೂದಿಲ್ಲ ನನಗ."

"ನೋಡೋಣು ತಡಿ" ಎಂದು ಸುಂದರಾಬಾಯಿ ಜಾರಿಕೊಂಡಿದ್ದರು. ಗಲ್ಲಿಯವರ ಪಾಲಿಗೆ ಮಾತ್ರ ಅಳಿಯ ಕಂಪನಿ ಕೆಲಸದ ಮೇಲೆ ದೂರ ಹೋಗಿದ್ದ. ಸುಳ್ಳನ್ನು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದರು, ಮಹಾತಾಯಿ! ಇಂದಲ್ಲ ನಾಳೆ ಮಗಳು ಸಿಟ್ಟಿಳಿದು ಗಂಡನ ಮನೆಗೆ ಹೋದಾಳು ಎಂಬ ಆಸೆ ಬೇರೆ.

ಕೊನೆಗೆ ಮಂಚದ ಕೆಳಗಿನ ಆ ಪತ್ರಿಕೆಗಳಿಗೇ ಕತ್ತರಿ ಹಾಕಿದರು. ಹೆಸರು ಒಳಗಿರುತ್ತದೆ, ಅದೂ ಕನ್ನಡದಲ್ಲಿ. ತೆಲುಗಿನವರಿಗೆ ಏನು ತಿಳಿದೀತು?

ಶನಿವಾರ ಸಂಜೆ ನಲಿನಿ ಬಂದವಳೇ ಒಂದು ಸಂಚಿಯ ಬಾಯಿ ಅಗಲಿಸಿ ಇಣುಕಿದಳು. ತೆಲುಗು ಅಕ್ಷರ, ಕನ್ನಡ ಅಕ್ಷರ ಅಕ್ಕತಂಗಿಯರೆಂಬುದು ಸುಂದರಾಬಾಯಿಗೆ ಆಗ ನೆನಪಾಯಿತು.

"ಭ... ಕ್ತಿ. ನ... ಚಿ... ಕೇ... ತ. ಅಮ್ಮೋ, ಮನ ಭಕ್ತಿ!" ನಮ್ಮ ಭಕ್ತಿಯದೇ ಎಂದು ನಲಿನಿ ಹಿಗ್ಗಿದಳು. "ಅಲ್ಲುಡುಗಾರು ಎಪ್ಪುಡು ವಸ್ತಾರಕ್ಕಾ?"

ಅಳಿಯ ಬರುವುದು ಯಾವಾಗ? ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಭಕ್ತಿ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ಅಮ್ಮ ಏನು ಹೇಳುತ್ತಾಳೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆ ಮುಖ ಕಂಡು ಸುಂದರಾಬಾಯಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು.

"ಬರೂದಿಲ್ಲ, ನಲಿನಿ" ಎಂದರು, ತೆಲುಗು ಮರೆತು ಕನ್ನಡದಲ್ಲೇ. "ಹೊಡೀತಿದ್ದ. ಬಿಟ್ಟು ಬಂದಾಳ. ಛಲೋ ಮಾಡ್ಯಾಳ."

ಇಪ್ಪತ್ತು ವರ್ಷದ ನೆರೆ, ನಲಿನಿಗೆ ತಿಳಿಯಿತು. ಸಂಚಿಯನ್ನು ಮೆಲ್ಲಗೆ ಕೆಳಗಿಟ್ಟಳು. ಶುಭಕಾರ್ಯ ನೋಡಿ, ಮುರಿದ ಜೋಡಿಯ ಹೆಸರನ್ನು ಅವಳಾದರೂ ಹೇಗೆ ಒಯ್ದಾಳು? ಚಹಾ ಕುಡಿದು, ಭಕ್ತಿಯ ಕೆನ್ನೆ ಸವರಿ, ಬರಿಗೈಯಲ್ಲಿ ಹೋದಳು.

ಸುಂದರಾಬಾಯಿ ಗೋಂದಿನ ಕೈ ತೊಳೆದುಕೊಂಡು ಬಂದರು.

"ಸೋಮವಾರ ಎಷ್ಟಕ್ಕ ಹೊರಡೂದು?"

"ಹತ್ತಕ್ಕ" ಎಂದಳು ಭಕ್ತಿ. ಎಂಟು ತಿಂಗಳಲ್ಲಿ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.