ಬಾಯ್ಲರಿಗೆ ಮತ್ತೆ ಬೆಂಕಿ ಹಾಕುವ ಮುನ್ನ

ರಾಮನಗರದ ಆ ಮೊಹಲ್ಲಾದಲ್ಲಿ ನಾಲ್ಕು ತಿಂಗಳಿಂದ ರೇಷ್ಮೆ ನೂಲು ತೆಗೆಯುವ ಸದ್ದಿರಲಿಲ್ಲ. ಗಫಾರನ ಫಿಲೇಚರ್ ಎಂಬ ನೂಲು ಕಾರ್ಖಾನೆಯಲ್ಲಿ ರೇಷ್ಮೆಗೂಡು ಬೇಯಿಸಲು ಹಬೆ ಕೊಡುತ್ತಿದ್ದ ಬಾಯ್ಲರ್ ಒಂದು ಮಧ್ಯಾಹ್ನ ಸಿಡಿದಿತ್ತು. ಸೂರಿನ ಶೀಟು ಹಾರಿ ಬೇವಿನ ಮರದ ಮೇಲೆ ಕೂತಿತು. ಗೋಡೆ ಕುಸಿದು ಪಕ್ಕದ ಜೈನಬಳ ಮನೆಯೊಳಕ್ಕೆ ಬಂತು. ಊಟದ ಹೊತ್ತಾದ್ದರಿಂದ ಕೆಲಸದ ಹೆಂಗಸರೆಲ್ಲ ಹೊರಗಿದ್ದರು, ಜೀವ ಯಾವುದೂ ಹೋಗಲಿಲ್ಲ. ಗೋಡೆಗೆ ತಾಗಿದ ಮಂಚದಲ್ಲಿ ಮಲಗಿದ್ದ ಜೈನಬಳ ಅತ್ತೆ ಬದ್ರುನ್ನೀಸಾಳ ಕಾಲು ಮಾತ್ರ ಬೆಂದಿತ್ತು.

ಈಗ ಗೋಡೆ ಎದ್ದಿದೆ, ಹೊಸ ಬಾಯ್ಲರ್ ಬಂದಿದೆ. ಮೊಹಲ್ಲಾದವರೆಲ್ಲ ಒಪ್ಪದೆ ಬೆಂಕಿ ಹಾಕುವುದಿಲ್ಲವೆಂದು ಗಫಾರ್ ಹಿರಿಯರೆದುರು ಮಾತು ಕೊಟ್ಟಿದ್ದ. ಸಹಿಯ ಕಾಗದ ಮನೆಮನೆ ಸುತ್ತಿತು. ಕೆಲವರು ಓದಿ ಸಹಿ ಹಾಕಿದರು, ಹೆಚ್ಚಿನವರು ಸಹಿ ಹಾಕಿ ಓದಿದರು. ಉಳಿದವಳು ಜೈನಬ್. ಅವಳ ಕೆಲಸ ಇದ್ದದ್ದು ಅದೇ ಫಿಲೇಚರಿನಲ್ಲಿ, ಅತ್ತೆಯ ಮಂಚ ಇದ್ದದ್ದೂ ಅದೇ ಗೋಡೆಗೆ.

ಅವಳು ಹೊಂಗನೂರಿನ ನಯನಳಿಗೆ ಫೋನ್ ಮಾಡಿದಳು. ನಯನ ನೂಲು ತೆಗೆಯುವವರಿಗೆ ತರಬೇತಿ ಕೊಡುವವಳು, ಬಾಯ್ಲರಿನ ವಿಷಯ ಓದಿ ತಿಳಿದವಳು. ಮರುದಿನವೇ ಬಸ್ಸು ಹತ್ತಿ ಬಂದಳು.

"ನಾನಂತೂ ಸಹಿ ಹಾಕಾಕಿಲ್ಲ ನಯನಕ್ಕ," ಎಂದಳು ಜೈನಬ್. "ಜಪಾನಲ್ಲಿ ಅಣು ಕರೆಂಟಿನ ಸ್ಥಾವರ ಸಿಡಿದ ಮ್ಯಾಲೆ, ಬೇರೆ ಸ್ಥಾವರ ಶುರು ಮಾಡೋಕೂ ವರ್ಷಗಟ್ಲೆ ತಡೆದ್ರಂತೆ. ನಮ್ ಗಫಾರ್ ಭಾಯ್ ನಾಕೇ ತಿಂಗ್ಳಿಗೆ ಬೆಂಕಿಪೊಟ್ಣ ಹಿಡ್ಕಂಡು ನಿಂತವ್ರೆ."

"ಅಷ್ಟು ವರ್ಷ ಅವ್ರೇನು ಕ್ಯಾಲೆಂಡರ್ ನೋಡ್ಕಂಡು ಕೂತಿರ್ಲಿಲ್ಲ ಕಣವ್ವ. ಯಾಕಾಯ್ತು ಅಂತ ಹುಡುಕಿದ್ರು, ತಿರ್ಗಾ ಆಗ್ದಂಗೆ ಏನ್ ಮಾಡ್ಬೇಕು ಅಂತ ನೋಡಿದ್ರು. ಜನಾನೂ ಬುಡದೆ ಕೇಳಿದ್ರು. ಇಲ್ಲಿ ಯಾಕಾಯ್ತು ಅಂತ ನೀನು ಕೇಳಿದ್ಯಾ?"

ಜೈನಬ್ ಕೇಳಿರಲಿಲ್ಲ. ಮೊಹಲ್ಲಾದಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ. ಕೆಟ್ಟ ದೃಷ್ಟಿ ಎಂದರು, ಹಸಿ ಸೌದೆ ಎಂದರು. ಕೊನೆಗೆ ಬಾಯ್ಲರ್ ಕೂರಿಸಿದ್ದ ಫಿಟ್ಟರನದೇ ತಪ್ಪು ಎಂದು ತೀರ್ಮಾನವಾಗಿತ್ತು. ಅವನು ತೀರಿಹೋಗಿ ಆರು ವರ್ಷವಾಗಿದ್ದರಿಂದ ಯಾರಿಗೂ ಬೇಜಾರಾಗುವಂತಿರಲಿಲ್ಲ.

ಗಫಾರನನ್ನು ಜೈನಬಳ ಮನೆಗೇ ಕರೆಸಿದರು. ನಯನ ಕೇಳಿದ್ದಕ್ಕೆಲ್ಲ ಹೊಸ ಬಾಯ್ಲರಿನ ಗುಣಗಾನವೇ ಉತ್ತರವಾಗಿ ಬಂತು. ಹಳೆಯದರ ಮಾತೆತ್ತಿದರೆ ಅವನು ನೆಲ ನೋಡುತ್ತಿದ್ದ. ಕಡೆಗೆ ಅವಳು ಸೇಫ್ಟಿ ವಾಲ್ವಿನ ವಿಷಯ ತೆಗೆದಳು. ಒಳಗೆ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಂಡು, ಕೂಗುತ್ತ ಹಬೆ ಬಿಡುವ ಬಾಯಿ ಅದು.

ಗಫಾರ್ ಮತ್ತೆ ಹೊಸ ಬಾಯ್ಲರಿನ ಮಾತಿಗೇ ತಿರುಗಿದ. ಮಂಚದ ಮೇಲಿನಿಂದ ಬದ್ರುನ್ನೀಸಾ ಮಾತಾಡಿದಳು.

"ಅವ್ನು ಬಾಯಿ ಬುಡಾಕಿಲ್ಲ, ನಾನೇ ಹೇಳ್ತೀನಿ. ಮಧ್ಯಾನ್ನ ಒಸಿ ಕಣ್ಣು ಮುಚ್ಚಾಕೂ ಆಗಾಕಿಲ್ಲ, ಆ ಸೀಟಿ ನಿಲ್ಸು ಅಂತ ಮೂರು ಸಲ ಹೇಳ್ಕಳ್ಸಿದ್ದೆ."

ಆ ಮಾತನ್ನು ಮೂರು ಸಲವೂ ಹೊತ್ತು ಹೋದವಳು ಜೈನಬಳೇ. ಸದ್ದು ನಿಂತಾಗ ಗಫಾರ್ ಭಾಯ್ ಎಂಥ ಒಳ್ಳೆಯವರೆಂದು ಹೊಗಳಿದವಳೂ ಅವಳೇ.

"ಬದ್ರುನ್ನೀಸಾ ಖಾಲಾ ನಿದ್ದೆ ಕೆಡ್ತದೆ ಅಂತ ವಾಲ್ವ್ ತೆರೀದಂಗೆ ಗುಂಡುಕಲ್ಲು ಕಟ್ಟಿದ್ದೆ," ಎಂದ ಗಫಾರ್. "ಸುಟ್ಟಿದ್ದು ಅವ್ರ ಕಾಲೇ. ಹೆಂಗ್ ಹೇಳ್ಲಿ ನಯನಮ್ಮ?"

ನಯನ ಯಾರನ್ನೂ ಬೈಯಲಿಲ್ಲ. "ಕುಕ್ಕರಿನ ಸೀಟಿ ಮ್ಯಾಲೆ ಕಲ್ಲು ಇಡ್ತೀವಾ? ಅದು ಕೂಗ್ತಾ ಇದ್ರೆ ನಾವು ಬದುಕಿದ್ದೀವಿ ಅಂತ ಲೆಕ್ಕ," ಎಂದಳಷ್ಟೆ.

ಕಾರಣ ತಿಳಿದ ಮೇಲೆ ಏನು ಕೇಳಬೇಕೆಂದು ಜೈನಬಳಿಗೆ ಹೊಳೆಯಿತು. ಹೊಸ ಬಾಯ್ಲರಿನ ಪರೀಕ್ಷೆ ಎಲ್ಲರ ಕಣ್ಣೆದುರು ಆಗಬೇಕು. ವಾಲ್ವನ್ನು ಯಾರೂ ಮುಟ್ಟದಂತೆ ಜಾಲರಿ ಹಾಕಿ ಬೀಗ ಜಡಿಯಬೇಕು. ಬಾಯ್ಲರ್ ನಡೆಸಲು ತರಬೇತಿ ಪಡೆದು ಸರ್ಟಿಫಿಕೇಟ್ ಇದ್ದವನೇ ಇರಬೇಕು. ಗಫಾರ್ ಎಲ್ಲಕ್ಕೂ ತಲೆಯಾಡಿಸಿ, ಸಾಬೀರ್ ಎಂಬ ಅಂಥವನನ್ನೇ ಕರೆತಂದ.

ಪರೀಕ್ಷೆಯ ದಿನ ಬಾಯ್ಲರ್ ಇಲಾಖೆಯ ಇನ್ಸ್‌ಪೆಕ್ಟರು ಮೊದಲು ಬಾಯ್ಲರಿಗೆ ತಣ್ಣೀರು ತುಂಬಿಸಿ, ದಿನದ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡಿದರು. ಒಂದು ಹನಿ ಸೋರಲಿಲ್ಲ. ಆಮೇಲೆ ಸಾಬೀರ್ ಬೆಂಕಿ ಹಾಕಿದ. ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ ತಾಗಿತು, ವಾಲ್ವ್ ಕಿರುಚಿತು. ಬೀದಿಯ ಮೇಕೆಗಳು ಹಗ್ಗ ಕಿತ್ತು ಓಡಿದವು, ಅವುಗಳ ಹಿಂದೆ ಇಬ್ಬರು ಹಿರಿಯರೂ ಓಡಿದರು. ಜೈನಬ್ ನಯನಳ ಕೈ ಹಿಡಿದು ನಿಂತೇ ಇದ್ದಳು. ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ವಾಲ್ವ್ ತಾನಾಗಿ ಮುಚ್ಚಿಕೊಂಡಿತು. ನಾಲ್ಕು ತಿಂಗಳಿಂದ ಕಟ್ಟಿಕೊಂಡಿದ್ದ ಉಸಿರನ್ನು ಅವಳು ಅಲ್ಲೇ ಬಿಟ್ಟಳು.

ವಾಲ್ವಿನ ಜಾಲರಿಗೆ ಬೀಗ ಬಿದ್ದ ಮೇಲೆ ಜೈನಬ್ ಸಂಜೆ ಸಹಿ ಹಾಕಿದಳು, ಓದಿಯೇ ಹಾಕಿದಳು. ಬದ್ರುನ್ನೀಸಾ ಮಂಚವನ್ನು ಎದುರು ಗೋಡೆಗೆ ಎಳೆಸಿಕೊಂಡಳು. "ಅದು ಕೂಗ್ಲಿ ಬುಡು, ನಾನು ಕಿವಿಗೆ ಹತ್ತಿ ಇಟ್ಕತೀನಿ," ಎಂದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಅವಘಡವಾಗಿ ನಿಂತ ಬಾಯ್ಲರ್ ಇರಬಹುದು. ಹೆದರಿ ಬೇಡ ಎನ್ನಬೇಡಿ, ದಾಕ್ಷಿಣ್ಯಕ್ಕೆ ಹೂಂ ಎನ್ನಲೂ ಬೇಡಿ. ಯಾಕಾಯಿತು ಎಂದು ಕೇಳಿ. ಈಗ ಏನು ಬದಲಾಗಿದೆ, ತೋರಿಸಿ ಎನ್ನಿ. ನಿಮ್ಮ ಕಣ್ಣಿಗೆ ಕಂಡ ಮೇಲೆ ಸಹಿ ಹಾಕಿ.