ಹಲಗೆಯ ಮೂಲೆಯ ಹೆಬ್ಬೆರಳು

ಟರ್ಪೆಂಟೈನಿನ ವಾಸನೆ ಮೂಗಿನಿಂದ ಇಳಿದು ಗಂಟಲಲ್ಲಿ ಕೂತಿದೆ, ಜಗಲಿಯ ಮೇಲೆ ಹಲಗೆ, ಕೈಯಲ್ಲಿ ಬಟ್ಟೆ, ಆವನಿ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿದೆ — ತಂಗಿ ಅನಸೂಯ ಬರೆದ ಹಲಗೆ, ಇಲ್ಲಿ ಹೆಣ್ಣುಮಕ್ಕಳಿಗೆ ಓದು ಕಲಿಸಲಾಗುವುದು, ದೀಪದ ಮಸಿಗೆ ಗೋಂದು ಕಲಸಿ ಬರೆದಳು, ಬೀದಿಬಾಗಿಲಿಗೆ ತೂಗುಹಾಕುವ ಮೊದಲೇ ಜ್ವರ ಬಂತು, ಜ್ವರ ಬಿಡಲಿಲ್ಲ, ಅವಳು ಉಳಿಯಲಿಲ್ಲ, ಹಲಗೆ ಒಳಗೇ ಉಳಿಯಿತು. ಮೂಲೆಯಲ್ಲಿ ಅವಳ ಹೆಬ್ಬೆರಳಿನ ಅಚ್ಚು, ದೀಪದ ಮೇಲೆ ಕವುಚಿದ ಮುಚ್ಚಳದ ಮಸಿ ಕೆರೆದ ಕೈಯಲ್ಲೇ ಹಲಗೆ ಎತ್ತಿದ್ದಳು, ಗೆರೆಗೆರೆಯಾಗಿ, ಈಗತಾನೆ ಬೆರಳು ತೆಗೆದ ಹಾಗೆ. ಕೋಲಾರದ ಅಂಗಡಿಯ ಅಶ್ವತ್ಥಪ್ಪ ಡಬ್ಬಿಗಳನ್ನು ತಟ್ಟಿ ತಟ್ಟಿ ತೋರಿಸಿದ, ಅರಗು ಬೇಡಿ ಸ್ವಾಮಿ, ಮಳೆ ಬಿದ್ರೆ ಹಾಲಿನಂಗೆ ಬೆಳ್ಳಗಾಗ್ತದೆ, ಅಗಸೆ ಎಣ್ಣೇನೂ ಬೇಡಿ, ಮರಾನೇ ಕಪ್ಪಾದ್ರೆ ಕಪ್ಪಕ್ಷರ ಎಲ್ಲಿ ಹುಡುಕ್ತೀರಾ, ಬಿಸಿಲು ಮಳೆ ತಡೆಯೋದು ಈ ವಾರ್ನಿಷ್ ಒಂದೇ, ಯುದ್ಧ ಬಂದ್ಮೇಲೆ ಇದೂ ಸಿಗ್ತಿಲ್ಲ, ಏನು, ವಕೀಲಿ ಶುರು ಮಾಡ್ತೀರಾ — ಇಲ್ಲ ಅಂದೆ, ಡಬ್ಬಿ ಕೈಗೆತ್ತಿಕೊಂಡೆ, ಮರದಲ್ಲಿ ಎಣ್ಣೆ ಪಸೆ ಇರಬಾರ್ದು ಸ್ವಾಮಿ, ಇದ್ರೆ ಹಿಡಿಯಲ್ಲ, ಅದಕ್ಕೂ ಇಲ್ಲ ಅಂದೆ, ಹಲಗೆಗೆ ಎಣ್ಣೆ ಎಲ್ಲಿಂದ ಬರಬೇಕು. ಒಂದು ತುದಿಗೆ ಹಚ್ಚಿದ ವಾರ್ನಿಷ್ ಇನ್ನೂ ಒಣಗಿಲ್ಲ, ಅಂಟು ಅಂಟು, ಕೆಂಪು ಧೂಳು ಮೆತ್ತಿದೆ, ಒಂದು ನೊಣ ಕಾಲು ಬಿಡಿಸಿಕೊಳ್ಳಲಾಗದೆ ಸತ್ತಿದೆ. ಆಮೇಲೆ ಅಮ್ಮ ಹೇಳಿದಳು, ಶುಕ್ರವಾರ ಹೊಸ್ತಿಲಿಗೆ ಹರಳೆಣ್ಣೆ ಸವರ್ತೀನಲ್ಲ ನಾಯ್ನಾ, ಅವಳ ಹಲಗೆ ಅಂಚಿಗೂ ಸವರ್ತಿದ್ದೆ, ಅಕ್ಷರ ಮುಟ್ದೆ, ಒಣಗ್ಕೊಂಡು ಕೂತಿತ್ತು ಕಣೋ, ತಲೆಗೆ ಎಣ್ಣೆ ಇಲ್ಲದ ಮಗು ತರ. ಎಷ್ಟು ಶುಕ್ರವಾರಗಳು, ಎಣ್ಣೆ ಅಂಚಿನಿಂದ ಮರದೊಳಗೆಲ್ಲ ಇಳಿದಿದೆ, ಹರಳೆಣ್ಣೆ ಒಣಗುವುದಿಲ್ಲ, ಅದು ಒಣಗುವ ಎಣ್ಣೆಯೇ ಅಲ್ಲ, ಟರ್ಪೆಂಟೈನಿನಲ್ಲಿ ಪೂರ್ತಿ ಒರೆಸಿ ತೆಗೆಯಬೇಕು, ಅಕ್ಷರಗಳು ನಿಲ್ಲುತ್ತವೆ, ಗೋಂದು ಹಿಡಿದಿದೆ, ಬೆರಳಿಗೆ ಗೋಂದಿಲ್ಲ, ಬರೀ ಮಸಿ. ಸುತ್ತ ಒರೆಸಿದೆ, ಮೂಲೆಯೊಂದನ್ನು ಬಿಟ್ಟೆ, ಮೂಲೆಯಿಂದ ಎಣ್ಣೆ ಮತ್ತೆ ಜಿನುಗಿ ಹರಿದು ಕೊನೆಯ ಅಕ್ಷರದ ಹತ್ತಿರ ಬಂತು. ಮುಗೀತೇನೋ ಅನ್ನುತ್ತಾಳೆ ಅಮ್ಮ ಒಳಗಿನಿಂದ, ಮಳೆ ಬರೋಂಗಿದೆ, ಮೂಲೆ ಮುಡುಕೆಲ್ಲ ಚೆನ್ನಾಗಿ ಒರೆಸು, ಬೀದಿಗೆ ಅಂತ ಬರೆದವಳು, ನಾವು ಒಳಗಿಟ್ಕೊಂಡು ಕೂರೋಕಲ್ಲ, ಪಕ್ಕದ ಭಾರತಮ್ಮ ನಾಳೆಯಿಂದ ನಾನೇ ಪಾಠ ಹೇಳ್ತೀನಿ ಅಂದಿದ್ದಾಳೆ. ಅಮ್ಮನಿಗೆ ಕಣ್ಣು ಮಂಜು, ಮೂಲೆಯಲ್ಲಿ ಏನಿದೆಯೆಂದು ಕಂಡಿಲ್ಲ, ನಾನು ಹೇಳಿಲ್ಲ, ಹೇಳಿದರೆ ಹಲಗೆ ಬೀದಿಗೆ ಹೋಗುವುದಿಲ್ಲ, ಹೇಳದಿದ್ದರೆ — ಹ್ಞೂಂ ಅಂದೆ, ಮುಗೀತಾ ಬಂತಮ್ಮ. ಬಟ್ಟೆ ಅದ್ದಿದೆ, ತಣ್ಣಗಿದೆ, ಬೆರಳು ಅವಳ ಬೆರಳಿನ ಮೇಲೆ ಸರಿಯಾಗಿ ಕೂತಿತು, ಒತ್ತಲೇ ಇಲ್ಲ, ಸುಮ್ಮನೆ ಇಟ್ಟೆ, ತೆಗೆದೆ, ಮರ ಬೆಳ್ಳಗಿದೆ, ಹನಿ ಬಿತ್ತು, ಬಟ್ಟೆ ದಾಟಿ ನನ್ನ ಹೆಬ್ಬೆರಳಿಗೆ ಅವಳ ಕಪ್ಪು ಇಳಿದಿದೆ, ಗೆರೆಗೆರೆಯಾಗಿ, ನನ್ನ ಗೆರೆಗಳೇ, ಹೆಬ್ಬೆರಳು —