ಭೀಮರಾಜನ ಉಪ್ಪುನೀರು

ವಕ್ಕಲೇರಿಯ ಭೀಮರಾಜ್ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಲಕ್ವ ಹೊಡೆದ ಮೇಲೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ನಾಲ್ಕಾರು ಒಂಟಿ ಪದ ಉಳಿದಿದ್ದವು. ಅವೂ ಕೇಳಿದಾಗ ಬರುತ್ತಿರಲಿಲ್ಲ, ತಾವಾಗಿ ಬಂದಾಗ ಬರುತ್ತಿದ್ದವು. ಹೆಂಡತಿ ಗಂಗಾಲಕ್ಷ್ಮಿ ಅವನ ಮಂಚವನ್ನು ನಡುಮನೆಗೆ ತಂದು ಹಾಕಿಸಿದಳು. ಮೀನಿನ ತೊಟ್ಟಿ ಇದ್ದದ್ದು ಅಲ್ಲೇ.

ಅದು ಸಮುದ್ರದ ಮೀನಿನ ತೊಟ್ಟಿ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರಲ್ಲಿ ಭೀಮರಾಜ್ ಪೊಟ್ಟಣದ ಉಪ್ಪು ಕಲಸಿ ಕಡಲ ನೀರು ಮಾಡಿದ್ದ. ಕಿತ್ತಳೆ ಮೈಮೇಲೆ ಬಿಳಿ ಪಟ್ಟೆ ಇರುವ ಎರಡು ಮೀನು ಬಿಟ್ಟಿದ್ದ. "ಕೆರೆ ಮೀನಾಗಿದ್ರೆ ಸಾರಾದ್ರೂ ಆಗ್ತಿತ್ತು ಕಣೋ" ಎಂದು ಬಂದವರು ನಗುತ್ತಿದ್ದರು. ಈಗ ಅವನು ದಿನವಿಡೀ ನೋಡುತ್ತಿದ್ದದ್ದು ಆ ಎರಡು ಮೀನನ್ನೇ. ಅದಕ್ಕೇ ಗಂಗಾಲಕ್ಷ್ಮಿ ಎಷ್ಟೇ ಕೆಲಸವಿದ್ದರೂ ತೊಟ್ಟಿಯನ್ನು ಬಿಡಲಿಲ್ಲ. ಬೆಳಿಗ್ಗೆ, ಸಂಜೆ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಅದು ಮುಗಿಸಿ ಬಂದು ಗಂಡನಿಗೆ ಸ್ನಾನ ಮಾಡಿಸಿ, ಮೀನಿಗೆ ಕಾಳು ಹಾಕುತ್ತಿದ್ದಳು. ತೊಟ್ಟಿಯ ನೀರು ಇಳಿದಾಗೆಲ್ಲ ಅವನು ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನೇ ಸುರಿದು ತುಂಬಿಸುತ್ತಿದ್ದಳು.

ಬೇಸಿಗೆಯಲ್ಲಿ ಮೀನುಗಳು ಕಾಳು ಮುಟ್ಟುವುದನ್ನು ಬಿಟ್ಟವು. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ಗಂಗಾಲಕ್ಷ್ಮಿ ಗಂಡನ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಅದರಲ್ಲಿ ನೀರು ತುಂಬಿದರೆ ಒಳಗಿನ ಮುಳ್ಳು ತೇಲಿ ಉಪ್ಪಿನ ಪ್ರಮಾಣ ತೋರಿಸುತ್ತಿತ್ತು. ಮುಳ್ಳು ಇಪ್ಪತ್ತೈದರ ಹತ್ತಿರ, ಹಸಿರು ಪಟ್ಟಿಯಲ್ಲೇ ನಿಂತಿತ್ತು.

"ಸರಿಯಾಗೇ ಇದೆ ನೋಡ್ರೀ" ಎಂದು ಡಬ್ಬಿಯನ್ನು ಅವನ ಮುಂದೆ ಹಿಡಿದಳು.

ಅವನು ಡಬ್ಬಿ ನೋಡಲಿಲ್ಲ, ಮೀನನ್ನು ನೋಡುತ್ತಿದ್ದ. "ಕಮ್ಮಿ" ಎಂದ.

"ಉಪ್ಪು ಕಮ್ಮಿಯಾ?"

"ಕಮ್ಮಿ!"

ಅವಳು ಒಂದು ಚೊಂಬು ಉಪ್ಪುನೀರು ಹಾಕಿದಳು. ಅವನು ಎಡಗೈಯಿಂದ ಮಂಚದ ಕಂಬಿ ಬಡಿಯುತ್ತಾ "ಕಮ್ಮಿ, ಕಮ್ಮಿ" ಎಂದು ಕೂಗತೊಡಗಿದ. ಸಾಲದೇನೋ ಎಂದು ಅವಳು ಉಪ್ಪನ್ನೇ ಗಟ್ಟಿಯಾಗಿ ಕಲಸಿ ಸುರಿದಳು. ಅವನ ಕಣ್ಣಲ್ಲಿ ನೀರು ಬಂತು. ಮೀನಿನ ಚಿಂತೆಗೆ ಅಳುತ್ತಿದ್ದಾರೆ ಎಂದುಕೊಂಡಳು.

ಬೆಳಿಗ್ಗೆ ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ಭೀಮರಾಜ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಕಾಫಿ ಕೊಟ್ಟರೂ ತಿರುಗಲಿಲ್ಲ.

ಡೈರಿಯಲ್ಲಿ ಅವಳಿಗೆ ಕೈ ಓಡಲಿಲ್ಲ. ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಾ ಅದರ ಅಂಕಿ ನೋಡಿದವಳು ಹಾಗೇ ನಿಂತಳು. ಹಾಲು ಎಷ್ಟು ಗಟ್ಟಿ ಎಂದು ಇದು ತೋರಿಸುವ ಹಾಗೇ ತಾನೇ ಆ ಡಬ್ಬಿ ನೀರಿನದು ತೋರಿಸುವುದು? ಜನ ಕರಗಿದ ಮೇಲೆ ಮನೆಗೆ ಹೋಗಿ ಒಂದು ಬಾಟಲಿ ತೊಟ್ಟಿ ನೀರು ತಂದಳು. ಜಾರಿಗೆ ಸುರಿದು ಲ್ಯಾಕ್ಟೋಮೀಟರ್ ಬಿಟ್ಟಳು. ಮೂವತ್ತೆರಡು. ಒರೆಸಿ ಮತ್ತೆ ಬಿಟ್ಟಳು. ಮೂವತ್ತೆರಡೇ.

ಮನೆಗೆ ಬಂದು ಅದೇ ನೀರನ್ನು ಡಬ್ಬಿಗೆ ತುಂಬಿದರೆ ಮುಳ್ಳು ಇನ್ನೂ ಇಪ್ಪತ್ತೈದರ ಹತ್ತಿರವೇ ಇತ್ತು. ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಳ್ಳಿನ ತುಂಬ ಉಪ್ಪು ಕಟ್ಟಿದ ಬಿಳಿ ಪೊರೆ. ಆ ಭಾರಕ್ಕೆ ಅದು ಮೇಲೇಳುತ್ತಿರಲಿಲ್ಲ. ಬಿಸಿಲಿಗೆ ಆರಿಹೋಗುತ್ತಿದ್ದದ್ದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತಿತ್ತು. ಅದರ ಮೇಲೆ ಅವಳು ಮತ್ತೆ ಉಪ್ಪುನೀರೇ ಹಾಕಿದ್ದಳು. ಕಮ್ಮಿ ಆಗಿದೆ ಎಂದಲ್ಲ, ಕಮ್ಮಿ ಮಾಡು ಎಂದು ಅವನು ಕೂಗಿದ್ದ. ಅವಳು ಅಡುಗೆಮನೆಗೆ ಹೋಗಿ, ಅವನಿಗೆ ಕೇಳದ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಅಂದೇ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತಂದು ಸ್ವಲ್ಪ ತೊಟ್ಟಿಗೆ ಹಾಕಿ, ಬಸ್ಸು ಹತ್ತಿ ಕೋಲಾರಕ್ಕೆ ಹೋದಳು. ಮೀನಿನ ಅಂಗಡಿಯ ಅನಿಲ್‌ಕುಮಾರ್ ಎಲ್ಲ ಕೇಳಿಸಿಕೊಂಡ.

"ಲ್ಯಾಕ್ಟೋಮೀಟರ್ ಸುಳ್ಳು ಹೇಳಿಲ್ಲಕ್ಕಾ. ಆದ್ರೆ ಹಾಲಿನ ಜಿಡ್ಡು ತೊಟ್ಟಿಗೆ ಬೇಡ" ಎಂದು ಮೂರು ಸಾಮಾನು ಮುಂದಿಟ್ಟ. ಒಂದು ಅದೇ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು ಪೆನ್ನಿನಂಥದ್ದು, ನೀರಿಗೆ ಅದ್ದಿದರೆ ಅಂಕಿ ಬರುತ್ತದೆ. ಮೂರನೆಯದು ಚಿಕ್ಕ ದುರ್ಬೀನಿನಂತಿತ್ತು. ಅದರ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿನ ಕಡೆ ನೋಡಬೇಕು.

"ನೋಡಿದ ತಕ್ಷಣ ಗೊತ್ತಾಗೋದು ಕೊಡಪ್ಪಾ" ಎಂದು ಅವಳು ಪೆನ್ನು ತಂದಳು.

ತೊಟ್ಟಿಗೆ ಅದ್ದಿ, ಅಂಕಿಯನ್ನು ಗಂಡನಿಗೆ ತೋರಿಸಿದಳು. "ನೀವೇ ಹೇಳ್ರೀ, ಎಷ್ಟಿದೆ?"

ಭೀಮರಾಜ್ ಅಂಕಿಯನ್ನು ನೋಡಿದ. ತುಟಿ ಅಲುಗಿತು. ಪೆನ್ನನ್ನು ಅತ್ತ ತಳ್ಳಿದ.

"ಬಾಯಲ್ಲಿ ಬೇಡ, ಜಾಸ್ತಿನಾ ಕಮ್ಮಿನಾ, ಕೈಯಲ್ಲಿ ತೋರಿಸಿ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿನ ಮುಖ ಹಾಗಿರುತ್ತದೆ. ಗಂಗಾಲಕ್ಷ್ಮಿ ಗೋಡೆಯ ಕ್ಯಾಲೆಂಡರ್ ತಂದು ಒಂದು ಅಂಕಿಯ ಮೇಲೆ ಬೆರಳಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಮಾತಿನ ಜೊತೆ ಅಂಕಿಗಳೂ ಹೋಗಿದ್ದವು. ಫೋನು ಮುಟ್ಟದೆ ಇದ್ದದ್ದು, ಗಡಿಯಾರ ನೋಡದೆ ಇದ್ದದ್ದು ಬೇಜಾರಿಗೆ ಎಂದು ಅವಳು ತಿಳಿದಿದ್ದಳು. ಇಷ್ಟು ದಿನವೂ ಅವನು ಅದನ್ನು ಒಳಗೇ ಮುಚ್ಚಿಟ್ಟುಕೊಂಡಿದ್ದ.

"ಹೋಗ್ಲಿ ಬಿಡಿ" ಎಂದಳು.

ಮಾರನೆಯ ದಿನ ಮತ್ತೆ ಕೋಲಾರಕ್ಕೆ ಹೋದಳು.

"ಯಾಕಕ್ಕಾ, ಕೆಟ್ಟೋಯ್ತಾ?" ಎಂದ ಅನಿಲ್‌ಕುಮಾರ್.

"ಇಲ್ಲಪ್ಪ. ಅವ್ರಿಗೆ ಅಂಕಿ ಗೊತ್ತಾಗಲ್ಲ. ಆ ದುರ್ಬೀನಿನಂಥದ್ರಲ್ಲಿ ಏನು ಕಾಣತ್ತೆ?"

"ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರೋ ಕಡೆ ಒಂದು ಗೆರೆ. ಉಪ್ಪು ಹೆಚ್ಚಿದ್ರೆ ಗೆರೆ ಮೇಲೆ ಹೋಗತ್ತೆ."

ಅವನು ಮರುಮಾತಿಲ್ಲದೆ ಬದಲಾಯಿಸಿಕೊಟ್ಟ. ಅಳತೆ ಸರಿಮಾಡಲೆಂದೇ ಸಿಗುವ, ಕಡಲಿನಷ್ಟೇ ಉಪ್ಪಿರುವ ನೀರಿನ ಸಣ್ಣ ಬಾಟಲಿಯನ್ನೂ ಕೊಟ್ಟು, ತಿರುಪು ತಿರುಗಿಸುವುದನ್ನು ತೋರಿಸಿಕೊಟ್ಟ.

ಮನೆಯಲ್ಲಿ ಅವಳು ಮೊದಲು ಆ ಬಾಟಲಿಯ ಹನಿ ಬಿಟ್ಟು ಸರಿಮಾಡಿ, ದುರ್ಬೀನನ್ನು ಗಂಡನ ಎಡಗೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿಸಿದಳು. "ಗೆರೆ ಇರಬೇಕಾದ್ದು ಇಲ್ಲಿ. ನೋಡ್ಕೊಳಿ." ಅವನು ಬಹಳ ಹೊತ್ತು ನೋಡಿದ. ಗಾಜು ಒರೆಸಿ ತೊಟ್ಟಿಯ ಹನಿ ಬಿಟ್ಟಳು. ಅವನು ನೋಡಿದ ಕೂಡಲೇ ದುರ್ಬೀನನ್ನು ಹಾಸಿಗೆಯ ಮೇಲಿಟ್ಟು ಎಡಗೈಯನ್ನು ಮೇಲಕ್ಕೆತ್ತಿದ.

"ಕಮ್ಮಿ" ಎಂದ.

"ಕಮ್ಮಿ ಮಾಡ್ಲಾ?"

ಅವನು ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸಿದ.

ಒಂದೇ ಸಲ ಮಾಡಿದರೆ ಮೀನು ತಡೆಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ದಿನಾ ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕಿದಳು. ದಿನಾ ಅವನೇ ಗೆರೆ ನೋಡಿದ. ಉಳಿದ ಮೀನು ಬದುಕಿತು, ಕಾಳು ತಿಂದಿತು. ಆದರೆ ಜೊತೆಯದು ಮಲಗುತ್ತಿದ್ದ ಮೂಲೆಯನ್ನು ಬಿಟ್ಟು ಹೆಚ್ಚು ಈಜಲಿಲ್ಲ.

ಒಂದು ಸಂಜೆ ಊಟ ಮಾಡಿಸುವಾಗ ಭೀಮರಾಜ್ "ಸಾಕು" ಎಂದ. ಹಿಂದೆಲ್ಲ ಹಾಗೆಂದ ಕೂಡಲೇ ಅವಳು ತಟ್ಟೆ ಎತ್ತುತ್ತಿದ್ದಳು. ಅವತ್ತು ಎತ್ತಲಿಲ್ಲ.

"ಅನ್ನ ಸಾಕಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಸಾರು?"

ಅದೂ ಅಲ್ಲ. ಎಡಗೈ ಎತ್ತಿ ಟಿವಿಯ ಕಡೆ ತೋರಿಸಿದ. ಒಬ್ಬನೇ ಇರುತ್ತಾನಲ್ಲ, ಜೊತೆಗಿರಲಿ ಎಂದು ಅವಳು ಬೆಳಿಗ್ಗೆಯಿಂದ ಸಂಜೆಯವರೆಗೂ ಹಾಕಿಡುತ್ತಿದ್ದ ಟಿವಿ ಅದು. ಎಷ್ಟು ತಿಂಗಳಿಂದ ಹೀಗೆ "ಸಾಕು" ಎನ್ನುತ್ತಿದ್ದನೋ, ಎಷ್ಟು ಸಲ ಅರ್ಧ ಹೊಟ್ಟೆಗೇ ತಟ್ಟೆ ಎತ್ತಿದ್ದಳೋ.

ಎದ್ದು ಹೋಗಿ ಟಿವಿ ಆರಿಸಿ ಬಂದು, ಅವನಿಗೆ ಮಿಕ್ಕ ಅನ್ನ ತಿನ್ನಿಸಿದಳು. ಅವನು ಪೂರ್ತಿ ತಿಂದ.